ಚಿತ್ರ ತೋರಿಸಿ ಪದ ಕಲಿಸಿದ ಗುರು ಕೊಮೇನಿಯಸ್

ಗೆಳೆಯರೇ, ಒಂದನೇ ತರಗತಿಯಲ್ಲಿ ನಾವು ‘ಆ’ ಅಕ್ಷರ ಕಲಿತದ್ದು ಹೇಗೆ? ಪುಸ್ತಕದಲ್ಲಿ ಆನೆಯ ಚಿತ್ರ ಇತ್ತು, ಪಕ್ಕದಲ್ಲಿ ಅಕ್ಷರ ಇತ್ತು. ಚಿತ್ರ ನೋಡಿದ ಕೂಡಲೇ ಪದ ತಾನಾಗಿ ಬಾಯಿಗೆ ಬಂತು. ಇದರಲ್ಲೇನು ವಿಶೇಷ ಅಂತೀರಾ? ನಾನೂರು ವರ್ಷಗಳ ಹಿಂದೆ ಯುರೋಪಿನ ಶಾಲೆಗಳಲ್ಲಿ ಮಕ್ಕಳಿಗೆ ಈ ಭಾಗ್ಯ ಇರಲಿಲ್ಲ. ಅವರಿಗಾಗಿ ಚಿತ್ರದ ಪಾಠಪುಸ್ತಕ ಮಾಡಿಕೊಟ್ಟ ಮಹನೀಯರೇ ಜಾನ್ ಅಮೋಸ್ ಕೊಮೇನಿಯಸ್.

ಇವರು ಹುಟ್ಟಿದ್ದು 1592ರ ಮಾರ್ಚ್ 28ರಂದು, ಮೊರಾವಿಯಾ ಎಂಬ ಸೀಮೆಯಲ್ಲಿ. ಅದು ಈಗ ಚೆಕ್ ದೇಶದಲ್ಲಿದೆ. ಹನ್ನೆರಡು ವರ್ಷದ ಆಸುಪಾಸಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹುಡುಗ ನೆಂಟರ ಮನೆ ಸೇರಬೇಕಾಯ್ತು. ಲ್ಯಾಟಿನ್ ಶಾಲೆಗೆ ಸೇರುವಾಗ ವಯಸ್ಸು ಹದಿನಾರು. ಆ ಕಾಲದಲ್ಲಿ ಹೆಚ್ಚಿನ ಓದೆಲ್ಲ ಲ್ಯಾಟಿನ್ ಭಾಷೆಯಲ್ಲೇ. ಮಕ್ಕಳ ಮನೆಮಾತು ಬೇರೆ, ಶಾಲೆಯ ಮಾತು ಬೇರೆ. ಅರ್ಥ ಆಗಲಿ ಬಿಡಲಿ, ವ್ಯಾಕರಣವನ್ನೂ ಪದಗಳ ಪಟ್ಟಿಯನ್ನೂ ಉರು ಹೊಡೆಯಬೇಕು. ತಪ್ಪಿದರೆ ಬೆತ್ತದ ಏಟು. ದೊಡ್ಡ ಹುಡುಗನಾಗಿ ಶಾಲೆಗೆ ಬಂದ ಕೊಮೇನಿಯಸ್‌ಗೆ ಈ ಕಷ್ಟ ಚೆನ್ನಾಗಿ ತಿಳಿಯಿತು. ಮುಂದೆ 1614ರಲ್ಲಿ ಅದೇ ಶಾಲೆಗೆ ಮೇಷ್ಟ್ರಾಗಿ ಬಂದರು.

ಅಷ್ಟರಲ್ಲಿ ಯುದ್ಧ ಬಂತು. 1618ರಲ್ಲಿ ಶುರುವಾದ ಆ ಯುದ್ಧ ಮೂವತ್ತು ವರ್ಷ ನಡೆಯಿತು. ಕೊಮೇನಿಯಸ್ ಪ್ರಾಟೆಸ್ಟಂಟ್ ಪಂಗಡದ ಪಾದ್ರಿಯೂ ಆಗಿದ್ದರು. ಗೆದ್ದವರು ಆ ಪಂಗಡದವರಿಗೆ ಕಿರುಕುಳ ಕೊಟ್ಟರು. 1622ರಲ್ಲಿ ಪ್ಲೇಗು ಬಂದು ಅವರ ಹೆಂಡತಿಯನ್ನೂ ಇಬ್ಬರು ಎಳೆ ಮಕ್ಕಳನ್ನೂ ಕೊಂಡೊಯ್ಯಿತು. 1628ರಲ್ಲಿ ದೇಶವನ್ನೇ ಬಿಟ್ಟು ಪೋಲೆಂಡಿನ ಲೆಶ್ನೋ ಎಂಬ ಊರಿಗೆ ಹೋದರು. ಮತ್ತೆ ತಾಯ್ನಾಡಿನಲ್ಲಿ ನೆಲೆಸುವ ಯೋಗ ಅವರಿಗೆ ಬರಲೇ ಇಲ್ಲ.

ಲೆಶ್ನೋದಲ್ಲಿ ಪಾಠ ಹೇಳುತ್ತಲೇ 1631ರಲ್ಲಿ ಒಂದು ಪುಸ್ತಕ ತಂದರು. ಅದರ ಹೆಸರಿನ ಅರ್ಥ ‘ಭಾಷೆಗಳ ತೆರೆದ ಬಾಗಿಲು’ ಅಂತ. ಸುಮಾರು 8,000 ಪದಗಳನ್ನು 1,000 ವಾಕ್ಯಗಳಲ್ಲಿ ಜೋಡಿಸಿ 100 ಪಾಠ ಮಾಡಿದ್ದರು. ಬೆಂಕಿಯ ಪಾಠದಲ್ಲಿ ಬೆಂಕಿಗೆ ಸೇರಿದ ಪದಗಳು, ನೀರಿನ ಪಾಠದಲ್ಲಿ ನೀರಿಗೆ ಸೇರಿದ ಪದಗಳು. ಒಂಟಿ ಪದ ಮರೆತುಹೋಗುತ್ತೆ, ನಂಟಿನ ಪದಗಳು ಒಂದನ್ನೊಂದು ನೆನಪಿಸುತ್ತವೆ. ಪುಸ್ತಕ ಹಲವು ಭಾಷೆಗಳಿಗೆ ಹೋಗಿ ಯುರೋಪಿನಲ್ಲೆಲ್ಲ ಹೆಸರಾಯ್ತು.

ಆದರೆ ಚಿಕ್ಕ ಮಕ್ಕಳಿಗೆ ಅದು ಭಾರವಾಯಿತು. ಕೊಮೇನಿಯಸ್ ಮಕ್ಕಳನ್ನು ದಡ್ಡರು ಅನ್ನಲಿಲ್ಲ. ಪುಸ್ತಕವೇ ಕಷ್ಟ ಇದೆ ಅಂತ ಒಪ್ಪಿಕೊಂಡು, ಸುಮಾರು 1,000 ಪದಗಳ ಸುಲಭ ಪುಸ್ತಕ ಬರೆದರು. ಬಾಗಿಲು ದಾಟುವ ಮುಂಚೆ ಜಗಲಿ ಹತ್ತಬೇಕಲ್ಲವೇ? ಹಾಗೆ.

ಆಮೇಲೆ 1650ರಲ್ಲಿ ಹಂಗೇರಿಯ ಶಾರೋಶ್‌ಪಟಾಕ್ ಊರಿನ ಶಾಲೆಗೆ ಹೋದರು. ಅಲ್ಲಿ ಪಾಠಗಳನ್ನೇ ನಾಟಕ ಮಾಡಿ ಮಕ್ಕಳಿಂದ ಆಡಿಸಿದರು. ಚಿತ್ರದ ಪುಸ್ತಕ ಸಿದ್ಧವಾದದ್ದೂ ಅಲ್ಲೇ. ಆದರೆ ಚಿತ್ರದ ಅಚ್ಚು ಕೆತ್ತುವವರು ಅಲ್ಲಿ ಸಿಗಲಿಲ್ಲ. ಜರ್ಮನಿಯ ನ್ಯೂರೆಂಬರ್ಗಿಗೆ ಕಳಿಸಬೇಕಾಯ್ತು.

ಅದು ಅಚ್ಚಾಗುವ ಮೊದಲೇ ಒಂದು ಅನಾಹುತ ನಡೆಯಿತು. ಕೊಮೇನಿಯಸ್ ಲೆಶ್ನೋಗೆ ವಾಪಸು ಬಂದಿದ್ದರು. 1656ರಲ್ಲಿ ಯುದ್ಧದ ಬೆಂಕಿಗೆ ಆ ಊರು ಸುಟ್ಟುಹೋಯಿತು. ಅವರ ಮನೆ, ಪುಸ್ತಕ ಎಲ್ಲ ಹೋಯ್ತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಪದಕ್ಕೆ ಪದ ಕೂಡಿಸಿ ಬರೆದಿದ್ದ ಚೆಕ್ ಭಾಷೆಯ ನಿಘಂಟಿನ ಹಸ್ತಪ್ರತಿಯೂ ಬೂದಿಯಾಯಿತು. ನಮ್ಮ ಒಂದು ನೋಟ್‌ಬುಕ್ ಕಳೆದರೆ ಎಷ್ಟು ಅಳ್ತೀವಿ! ಆಗ ಅವರಿಗೆ 64 ವರ್ಷ. ಆದರೂ ಕೈಕಟ್ಟಿ ಕೂರಲಿಲ್ಲ. ಆಮ್‌ಸ್ಟರ್‌ಡಾಮ್ ಸೇರಿ ಬರವಣಿಗೆ ಮುಂದುವರಿಸಿದರು.

ಎರಡು ವರ್ಷದ ಮೇಲೆ, 1658ರಲ್ಲಿ, ಚಿತ್ರದ ಪುಸ್ತಕ ಹೊರಬಂತು. ಅದೇ ‘ಆರ್ಬಿಸ್ ಪಿಕ್ಟಸ್’, ಅಂದರೆ ಚಿತ್ರಗಳಲ್ಲಿ ಪ್ರಪಂಚ. 150 ಪಾಠಗಳು. ಮೊದಲಿಗೆ ಅಕ್ಷರಮಾಲೆ. ಅಲ್ಲಿ ಕಾಗೆ ಕೂಗುತ್ತೆ, ಕುರಿಮರಿ ಬೇ ಅನ್ನುತ್ತೆ, ಹಾವು ಬುಸುಗುಡುತ್ತೆ. ಆ ಸದ್ದಿನಿಂದಲೇ ಅಕ್ಷರ ಕಲಿಯಬೇಕು. ಮುಂದೆ ರೊಟ್ಟಿ ಸುಡುವವನು, ನೇಕಾರ, ಬಡಗಿ, ಕಮ್ಮಾರ ಎಲ್ಲರೂ ಬರುತ್ತಾರೆ. ಚಿತ್ರದೊಳಗಿನ ವಸ್ತುಗಳಿಗೆ 1, 2, 3 ಅಂತ ಅಂಕಿ. ಕೆಳಗಿನ ವಾಕ್ಯದಲ್ಲಿ ಆಯಾ ಪದಕ್ಕೂ ಅದೇ ಅಂಕಿ. ಲ್ಯಾಟಿನ್ ಜೊತೆಗೆ ಮಕ್ಕಳ ಮನೆಮಾತು ಜರ್ಮನ್ ಕೂಡ ಇತ್ತು. ವಸ್ತು ಮೊದಲು ಕಣ್ಣಿಗೆ ಕಾಣಬೇಕು, ಆಮೇಲೆ ಪದ ಮನಸ್ಸಿಗೆ ಇಳಿಯುತ್ತೆ ಎಂಬುದೇ ಅವರ ನಂಬಿಕೆ. ಬಡವರು ಶ್ರೀಮಂತರು, ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳೂ ಶಾಲೆಗೆ ಬರಬೇಕು, ಮೊದಲ ಓದು ತಾಯ್ನುಡಿಯಲ್ಲೇ ಆಗಬೇಕು ಎಂದು ಆ ಕಾಲದಲ್ಲೇ ಬರೆದರು.

1670ರ ನವೆಂಬರ್ 15ರಂದು ಕೊಮೇನಿಯಸ್ ತೀರಿಕೊಂಡರು. ಚೆಕ್ ದೇಶದಲ್ಲಿ ಅವರ ಹುಟ್ಟುಹಬ್ಬದ ದಿನವೇ ಶಿಕ್ಷಕರ ದಿನ. ಅಲ್ಲಿನ 200ರ ನೋಟಿನ ಮೇಲೂ ಈ ಮೇಷ್ಟ್ರ ಚಿತ್ರ ಇದೆ.

ಗೆಳೆಯರೇ, ನಾವೂ ಒಂದು ಕೆಲಸ ಮಾಡೋಣ. ಎತ್ತಿನ ಗಾಡಿ ಎಲ್ಲರಿಗೂ ಗೊತ್ತು. ನೊಗ, ಮೂಕಿ, ಅಚ್ಚು, ಕಡಾಣಿ ಯಾವುದು ಅಂತ ಎಷ್ಟು ಜನ ಕೈ ತೋರಿಸಿ ಹೇಳ್ತೀರಿ? ಮನೆಯಲ್ಲಿ ಅಜ್ಜನನ್ನು ಕೇಳಿ ಬನ್ನಿ. ಮುಂದಿನ ಸಂಚಿಕೆಗೆ ಗಾಡಿಯ ಚಿತ್ರ ಬರೆದು, ಅಂಕಿ ಹಾಕಿ, ಹೆಸರು ಬರೆಯೋಣ. ಆ ಪದಗಳನ್ನು ಉರು ಹೊಡೆಯುವ ಅಗತ್ಯವೇ ಬರೋದಿಲ್ಲ.