ಹಿಮಾಂಶು ರಾಯ್: ಮೂಕಪಟದಲ್ಲಿ ಮೂಡಿದ ಗತಕಾಲ

ಕಳೆದುಹೋದ ಕಾಲವನ್ನು ಕಣ್ಣಿಗೆ ಕಟ್ಟುವಂತೆ ತೋರುವುದು ಕವಿಗೂ ಕಾದಂಬರಿಕಾರನಿಗೂ ಮೀಸಲಾದ ವಿದ್ಯೆಯೆಂದು ಒಂದು ಕಾಲದಲ್ಲಿ ಜನ ನಂಬಿದ್ದರು. ಚಲಚ್ಚಿತ್ರ ಹುಟ್ಟಿದ ಮೇಲೆ ಆ ಹೊಣೆಯಲ್ಲಿ ಅದಕ್ಕೂ ಒಂದು ಪಾಲು ದೊರೆಯಿತು. ಚಿತ್ರಕ್ಕೆ ಇನ್ನೂ ಮಾತು ಬಾರದಿದ್ದ ದಿನಗಳಲ್ಲಿಯೇ ಭಾರತದ ಪೂರ್ವಕಾಲವನ್ನು ಬೆಳ್ಳಿತೆರೆಗೆ ತಂದು, ಅದನ್ನು ಕಡಲಾಚೆಗೂ ಕೊಂಡೊಯ್ದವರಲ್ಲಿ ಹಿಮಾಂಶು ರಾಯ್ ಅಗ್ರಗಣ್ಯರು. ಅವರು ಬದುಕಿದ್ದುದು ನಾಲ್ವತ್ತೆಂಟು ವರ್ಷ ಮಾತ್ರ. ಆದರೆ ನಮ್ಮ ಕಥೆಯನ್ನು ನಾವು ಯಾರಿಗಾಗಿ ಹೇಳಬೇಕು ಎಂಬ ಪ್ರಶ್ನೆಯನ್ನು ಆ ಕಿರಿಯ ಬಾಳು ನಮ್ಮ ಮುಂದಿಟ್ಟು ಹೋಗಿದೆ.

ರಾಯ್ ಅವರು 1892ರಲ್ಲಿ ಕಟಕದ ಸಿರಿವಂತ ಬಂಗಾಳಿ ಮನೆತನದಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ಓದಿ, ಕಾನೂನಿನ ಹೆಚ್ಚಿನ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿದರು. ಆದರೆ ಅಲ್ಲಿ ಅವರನ್ನು ಸೆಳೆದುದು ನ್ಯಾಯಾಲಯಕ್ಕಿಂತ ಹೆಚ್ಚಾಗಿ ರಂಗಭೂಮಿ. ಬಿಪಿನ್ ಚಂದ್ರ ಪಾಲರ ಪುತ್ರ, ನಾಟಕಕಾರ ನಿರಂಜನ ಪಾಲರ ಸ್ನೇಹ ಬೆಳೆಯಿತು. ಪಾಲರು ಬರೆದ ನಾಟಕದಲ್ಲಿ 1922ರಲ್ಲಿ ರಾಯ್ ಲಂಡನ್ನಿನ ರಂಗವನ್ನೇರಿದರು. ಪಾಶ್ಚಾತ್ಯರು ಭಾರತದ ಬಗ್ಗೆ ಹಾವಾಡಿಗರ ಕಥೆಗಳನ್ನು ಕಟ್ಟುತ್ತಿದ್ದ ಆ ಕಾಲದಲ್ಲಿ, ಭಾರತೀಯರೇ ನಟಿಸಿದ, ಭಾರತದ ನೆಲದಲ್ಲಿಯೇ ತೆಗೆದ ಚಿತ್ರಗಳನ್ನು ಲೋಕಕ್ಕೆ ತೋರಬೇಕೆಂಬ ಹಂಬಲ ಈ ಗೆಳೆಯರಲ್ಲಿ ಮೊಳೆಯಿತು.

ಹಂಬಲಕ್ಕೆ ಹಣವೂ ಯಂತ್ರವೂ ಬೇಕು. ರಾಯ್ 1924ರಲ್ಲಿ ಮ್ಯೂನಿಕ್ ನಗರಕ್ಕೆ ಹೋಗಿ ಎಮೆಲ್ಕಾ ಎಂಬ ಚಿತ್ರಸಂಸ್ಥೆಯನ್ನು ಕಂಡರು. ಆ ಸಂಸ್ಥೆ ನಿರ್ದೇಶಕ ಫ್ರಾಂಜ್ ಆಸ್ಟೆನ್ ಅವರನ್ನೂ ಛಾಯಾಗ್ರಾಹಕರನ್ನೂ ಒದಗಿಸಿತು. ಬಂಡವಾಳ ಭಾರತದಿಂದ ಬಂದಿತು. ಹೀಗೆ ಸಿದ್ಧವಾದುದು 1925ರ 'ದಿ ಲೈಟ್ ಆಫ್ ಏಷ್ಯಾ'. ನಮ್ಮಲ್ಲಿ ಅದರ ಹೆಸರು 'ಪ್ರೇಮ್ ಸಂನ್ಯಾಸ್'. ಎಡ್ವಿನ್ ಆರ್ನಾಲ್ಡ್ 1879ರಲ್ಲಿ ಪ್ರಕಟಿಸಿದ ಬುದ್ಧಚರಿತೆಯ ಕಾವ್ಯವೇ ಅದಕ್ಕೆ ಆಧಾರ. ಸಿದ್ಧಾರ್ಥನಾಗಿ ಸ್ವತಃ ರಾಯ್, ಗೋಪೆಯಾಗಿ ಇನ್ನೂ ಎಳೆಯ ಬಾಲೆಯಾಗಿದ್ದ ಸೀತಾದೇವಿ ನಟಿಸಿದರು. ಜಯಪುರದ ಮಹಾರಾಜರು ತಮ್ಮ ಅರಮನೆ, ಆನೆ, ಪರಿವಾರಗಳನ್ನೆಲ್ಲ ಬಿಟ್ಟುಕೊಟ್ಟರು. ಬಣ್ಣದ ಪರದೆಯಿಲ್ಲ, ಕೃತಕ ದೀಪವಿಲ್ಲ; ನಿಜವಾದ ಬೀದಿಗಳಲ್ಲಿ ನಿಜವಾದ ಬಿಸಿಲು ಬಿದ್ದಿತು. ಚಿತ್ರ ಲಂಡನ್ನಿನಲ್ಲಿ ಹಲವು ತಿಂಗಳು ನಡೆಯಿತು; ವಿಂಡ್ಸರ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆಯೂ ಅದನ್ನು ನೋಡಿದನು. ತಾಯ್ನಾಡಿನಲ್ಲಿ ಮಾತ್ರ ಅದಕ್ಕೆ ಅಷ್ಟು ಆದರ ದೊರೆಯಲಿಲ್ಲ.

1928ರಲ್ಲಿ 'ಶಿರಾಜ್' ಬಂದಿತು. ದರೋಡೆಗೆ ಸಿಕ್ಕಿದ ಸಾರ್ಥದಲ್ಲಿ ಬದುಕುಳಿದ ರಾಜಕುಮಾರಿಯೊಬ್ಬಳು ಕುಂಬಾರನ ಮನೆಯಲ್ಲಿ ಬೆಳೆಯುತ್ತಾಳೆ; ಕಾಲಾನಂತರ ಅವಳೇ ಮುಮ್ತಾಜ್ ಮಹಲ್ ಆಗುತ್ತಾಳೆ. ಅವಳನ್ನು ಮೌನವಾಗಿ ಪ್ರೀತಿಸುತ್ತಲೇ ಮುಪ್ಪಾಗಿ, ಕಣ್ಣು ಕಳೆದುಕೊಂಡ ಕುಂಬಾರನ ಮಗ ಶಿರಾಜನ ಕಲ್ಪನೆಯಿಂದಲೇ ತಾಜಮಹಲು ರೂಪುಗೊಳ್ಳುತ್ತದೆ. ಇದು ಚರಿತ್ರೆಯಲ್ಲ. ಚರಿತ್ರೆಯ ಮುಮ್ತಾಜ್ ಮೊಗಲ್ ಆಸ್ಥಾನದ ಆಸಫ್ ಖಾನನ ಮಗಳು. ಆದರೂ ಆಗ್ರೆಯ ಕೋಟೆಕೊತ್ತಲಗಳ ನಡುವೆ ತೆಗೆದ ಆ ದೃಶ್ಯಗಳನ್ನು ಕಂಡವರು ಕಥೆಯ ಕಲ್ಪನೆಯನ್ನು ಮನ್ನಿಸಿಯಾರು. ಅಲ್ಲಿ ಕಲ್ಲೇ ಸಾಕ್ಷಿ ನುಡಿಯುತ್ತದೆ. ಶಿರಾಜನ ಪಾತ್ರವನ್ನೂ ರಾಯ್ ಅವರೇ ವಹಿಸಿದ್ದರು.

ಮರುವರ್ಷದ 'ಎ ಥ್ರೋ ಆಫ್ ಡೈಸ್' ಮಹಾಭಾರತದ ದ್ಯೂತಪ್ರಸಂಗದಿಂದ ಸ್ಫೂರ್ತಿ ಪಡೆದ ಕಥೆ. ಪಂಪ, ಕುಮಾರವ್ಯಾಸರನ್ನು ಓದಿದ ಕನ್ನಡಿಗನಿಗೆ ಕಪಟದ ದಾಳವೂ ಸೋತ ಅರಸನ ದಾಸ್ಯವೂ ಹೊಸವಲ್ಲ. ಇಲ್ಲಿ ಮೋಸದ ಅರಸ ಸೋಹನನಾಗಿ ಕಾಣಿಸಿಕೊಂಡವರು ರಾಯ್. ಬುದ್ಧನಾಗಿದ್ದವರು ಖಳನಾಗಲು ಅಳುಕಲಿಲ್ಲ.

ಅದೇ 1929ರಲ್ಲಿ ಅವರು ದೇವಿಕಾ ರಾಣಿಯವರನ್ನು ವಿವಾಹವಾದರು. ಅಷ್ಟರಲ್ಲಿ ಚಿತ್ರಕ್ಕೆ ಮಾತು ಬಂದಿತ್ತು. ಮಾತು ಬಂದೊಡನೆ ಭಾಷೆಯ ಗೋಡೆಯೂ ಎದ್ದಿತು. ಮೂಕಚಿತ್ರವು ಸರಾಗವಾಗಿ ದಾಟುತ್ತಿದ್ದ ಗಡಿಗಳನ್ನು ವಾಕ್ಚಿತ್ರ ದಾಟಲಾರದಾಯಿತು. ದಂಪತಿಗಳು 1933ರಲ್ಲಿ 'ಕರ್ಮ'ವನ್ನು ಇಂಗ್ಲಿಷ್, ಹಿಂದಿ ಎರಡರಲ್ಲೂ ತೆಗೆದರು. ಬಳಿಕ ತಾಯ್ನಾಡಿಗೆ ಮರಳಿ 1934ರಲ್ಲಿ ಮುಂಬಯಿಯ ಮಲಾಡಿನಲ್ಲಿ ಬಾಂಬೆ ಟಾಕೀಸ್ ಸ್ಥಾಪಿಸಿದರು. ಆಸ್ಟೆನ್ ಮತ್ತಿತರ ಜರ್ಮನರು ಜೊತೆಗೆ ಬಂದರು. ಅಲ್ಲಿ ನಿರ್ಮಾಣವಾದ 1936ರ 'ಅಛೂತ್ ಕನ್ಯಾ'ದ ನಾಯಕಿ ರೈಲ್ವೆ ಗೇಟಿನ ಕಾವಲುಗಾರನ ಮಗಳು. ಅಸ್ಪೃಶ್ಯತೆಯ ನೋವೇ ಅದರ ವಸ್ತು. ಪರರಿಗೆ ಅರಮನೆಯನ್ನು ತೋರಿದ ಕೈ, ಸ್ವಜನರಿಗೆ ಅವರದೇ ಮನೆಯಂಗಳದ ಕಲೆಯನ್ನು ತೋರಿತು. ಪ್ರೇಕ್ಷಕರು ಬದಲಾದಾಗ ಕಥೆಯೂ ಬದಲಾಯಿತು.

1939ರಲ್ಲಿ ಮಹಾಯುದ್ಧ ಆರಂಭವಾಯಿತು. ಸಂಸ್ಥೆಯ ಜರ್ಮನರನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟಿತು. ಹದಿನೈದು ವರ್ಷಗಳ ಸಹಬಾಳ್ವೆ ಒಮ್ಮೆಗೇ ಮುರಿಯಿತು. ದುಡಿಮೆಯಿಂದ ಬಳಲಿದ್ದ ರಾಯ್ ಅವರ ದೇಹ ಮನಸ್ಸುಗಳೆರಡೂ ಕುಸಿದವು. 1940ರ ಮೇ 16ರಂದು ಅವರು ನಿಧನರಾದರು. ಸಂಸ್ಥೆಯ ಭಾರವನ್ನು ಹೊತ್ತ ದೇವಿಕಾ ರಾಣಿ ಮುಂದೆ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಅವರನ್ನು ವರಿಸಿ, ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲಸಿ, 1994ರಲ್ಲಿ ನಮ್ಮ ನಾಡಿನಲ್ಲಿಯೇ ಕೊನೆಯುಸಿರೆಳೆದರು.

ಭಾರತದ ಮೂಕಚಿತ್ರಗಳಲ್ಲಿ ಬಹುಪಾಲು ನಾಶವಾಗಿಹೋಗಿವೆ. ರಾಯ್ ಅವರ ಈ ಮೂರು ಚಿತ್ರಗಳು ಉಳಿದುಕೊಂಡಿರುವುದು ಅವು ಕಡಲು ದಾಟಿದ್ದುದರ ಫಲವೆನ್ನಬೇಕು. 'ಎ ಥ್ರೋ ಆಫ್ ಡೈಸ್' 2006ರಲ್ಲಿಯೂ 'ಶಿರಾಜ್' 2017ರಲ್ಲಿಯೂ ಬ್ರಿಟನ್ನಿನಲ್ಲಿ ಜೀರ್ಣೋದ್ಧಾರಗೊಂಡವು. ನಿತಿನ್ ಸಾಹ್ನಿ ಮೊದಲನೆಯದಕ್ಕೆ, ಅನೌಷ್ಕಾ ಶಂಕರ್ ಎರಡನೆಯದಕ್ಕೆ ಹೊಸ ಸಂಗೀತವನ್ನು ಕಟ್ಟಿದರು. ಪರರಿಗೆಂದು ಹೇಳಿದ ಕಥೆಯನ್ನು ಪರರೇ ಕಾಪಾಡಿ ನಮಗೆ ಹಿಂದಿರುಗಿಸಿದ್ದಾರೆ. ಐತಿಹಾಸಿಕ ಕಥನದಲ್ಲಿ ಅಭಿರುಚಿಯುಳ್ಳವರು ಇವನ್ನೊಮ್ಮೆ ನೋಡಬೇಕು. ಅಂದು ತಾಯ್ನಾಡಿನಿಂದ ರಾಯ್ ಅವರಿಗೆ ಸಲ್ಲದೆ ಉಳಿದ ಮನ್ನಣೆ, ತಡವಾಗಿಯಾದರೂ ಸಲ್ಲಲಿ.