ಫೇಲಾದ ಹೆಡ್‌ಮಾಸ್ಟರ್ ಮಗ

ನನ್ನ ತಮ್ಮ ಏಳನೇ ತರಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ಅಂಕ ಕಡಿಮೆ ಬಂದಾಗ ಅಮ್ಮಿ ಅವನ ಕಥೆಪುಸ್ತಕಗಳನ್ನೆಲ್ಲ ಬೀರುವಿನ ಮೇಲೆ ಎತ್ತಿಟ್ಟರು. ಅಂಥ ಒಂದು ಪುಸ್ತಕ ಸಿಕ್ಕರೆ ರಾತ್ರಿಯೇ ಮುಗಿಸಿ, ಬೆಳಿಗ್ಗೆ ಇಡೀ ಕಥೆಯನ್ನು ನಮಗೆ ಹೇಳುವ ಹುಡುಗ ಅವನು. ಲೆಕ್ಕದ ನೋಟ್‌ಬುಕ್ ಮುಂದಿಟ್ಟರೆ ಮಾತ್ರ ಕಿಟಕಿ ನೋಡುತ್ತಾನೆ. ಜಾಣನೋ ಸೋಮಾರಿಯೋ, ಮನೆಯಲ್ಲಿ ಯಾರಿಗೂ ತಿಳಿಯದು. ಒಂದು ಭಾನುವಾರ ಅವನನ್ನು ದಟ್ಟಗಳ್ಳಿಯಿಂದ ಯಾದವಗಿರಿಗೆ ಕರೆದುಕೊಂಡು ಹೋದೆ. ಅಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಧಾರಾವಾಹಿಯಿಂದ ನಮ್ಮ ಹಿರಿಯರೆಲ್ಲ ಬಲ್ಲ ಈ ಲೇಖಕರು ಹುಟ್ಟಿದ್ದು 1906ರಲ್ಲಿ, ಮದ್ರಾಸಿನಲ್ಲಿ. ಅಲ್ಲಿ ಅವರನ್ನು ಬೆಳೆಸಿದ್ದು ಅಜ್ಜಿ. ಲೆಕ್ಕ, ಪುರಾಣ, ಸಂಗೀತ, ಸಂಸ್ಕೃತ ಎಲ್ಲವನ್ನೂ ಆಕೆಯೇ ಹೇಳಿಕೊಟ್ಟರು. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದ ಮೇಲೆ ನಾರಾಯಣ್ ಕೂಡ ಇಲ್ಲಿಗೆ ಬಂದರು. ಶಾಲೆಯ ಲೈಬ್ರರಿ ತುಂಬ ಪುಸ್ತಕಗಳಿದ್ದವು. ಹುಡುಗ ಕಪಾಟು ಕಪಾಟೇ ಓದಿದ.

ಅಷ್ಟು ಓದಿದವನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ! ಆಗ ಅವರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಹೆಡ್‌ಮಾಸ್ಟರ್ ಮಗನೇ ಫೇಲಾದರೆ ಊರು ಏನೆಲ್ಲ ಆಡಿಕೊಂಡಿರಬಹುದು, ನೀವೇ ಯೋಚಿಸಿ. ನನಗೆ ಮುಖ್ಯವಾಗಿ ಕಂಡಿದ್ದು ಆಮೇಲಿನ ವರ್ಷ. ಆ ವರ್ಷ ಅವರು ಮನೆಯಲ್ಲೇ ಇದ್ದು ಓದಿದರು, ಬರೆಯಲು ಕೂತರು, ಕುಕ್ಕರಹಳ್ಳಿ ಕೆರೆಯ ಬಳಿ ಅಲೆದಾಡಿದರು. ಪುಸ್ತಕಗಳು ಬೀರುವಿನ ಮೇಲೆ ಹೋಗಲಿಲ್ಲ. 1926ರಲ್ಲಿ ಪರೀಕ್ಷೆ ಪಾಸಾಗಿ ಮಹಾರಾಜಾ ಕಾಲೇಜು ಸೇರಿದರು. ಅಲ್ಲೂ ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು. ಮೇಷ್ಟರ ಕೆಲಸ ಸಿಕ್ಕಿತು, ಕೆಲವೇ ದಿನಗಳಲ್ಲಿ ಅದನ್ನೂ ಬಿಟ್ಟು ಬಂದರು.

ಶಾಲೆಯನ್ನು ಕಂಡರಾಗದ ಸ್ವಾಮಿ ಎಂಬ ಹುಡುಗನ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಇಂಗ್ಲೆಂಡಿನಲ್ಲಿದ್ದ ಗೆಳೆಯ ಆ ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಅವರಿಗೆ ತೋರಿಸಿದ್ದರಿಂದ 1935ರಲ್ಲಿ ಅದು ಅಚ್ಚಾಯಿತು.

ಫೇಲಾದವರೆಲ್ಲ ನಾರಾಯಣ್ ಆಗುವುದಿಲ್ಲ, ಅದು ನನಗೂ ಗೊತ್ತು. ಅವರಿಗೆ ಅಜ್ಜಿ ಇದ್ದರು, ಲೈಬ್ರರಿ ಇತ್ತು, ಒಂದು ವರ್ಷ ಕಾಯಬಲ್ಲ ಮನೆಯಿತ್ತು. ಪ್ರಸಿದ್ಧರಾದ ಮೇಲೂ ಅವರು ಶಾಲೆಯ ದಿನಗಳನ್ನು ಮರೆಯಲಿಲ್ಲ. 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ತಮ್ಮ ಮೊದಲ ಭಾಷಣದಲ್ಲಿ ಮಾತಾಡಿದ್ದು ಮಕ್ಕಳ ಬೆನ್ನ ಮೇಲಿನ ಬ್ಯಾಗಿನ ಭಾರದ ಬಗ್ಗೆ. ಆಮೇಲೆ ಸರ್ಕಾರ ಯಶ್‌ಪಾಲ್ ಸಮಿತಿಯನ್ನು ನೇಮಿಸಿತು. ಅದರ ವರದಿ 1993ರಲ್ಲಿ ಬಂತು. ನಾರಾಯಣ್ ತೀರಿಕೊಂಡಿದ್ದು 2001ರಲ್ಲಿ.

ವಾಪಸ್ ಬರುವಾಗ ಆಟೋದಲ್ಲಿ ತಮ್ಮ ಕೇಳಿದ, ಆಪಾ, ಅವರು ಯಾವ ವಿಷಯದಲ್ಲಿ ಫೇಲಾಗಿದ್ದರು ಅಂತ. ಮನೆಗೆ ಬಂದು ಇದನ್ನೆಲ್ಲ ಅಮ್ಮಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಸ್ಟೂಲ್ ಹಾಕಿಕೊಂಡು ಎರಡು ಪುಸ್ತಕ ಕೆಳಗಿಳಿಸಿದರು. ಉಳಿದವು ಇನ್ನೂ ಮೇಲೇ ಇವೆ. ದಿನಾ ಸಂಜೆ ಅರ್ಧ ಗಂಟೆ ಲೆಕ್ಕ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.