ಕಡಲನ್ನು ಮನೆಗೆ ತಂದ ಫಿಲಿಪ್ ಹೆನ್ರಿ ಗಾಸ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಿದ್ದರು. ನೆನಪುಗಳನ್ನು ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ವಿಜ್ಞಾನ ಪ್ರಯೋಗಾಲಯಕ್ಕೆ ಕೊಡುಗೆಯಾಗಿತ್ತ ಕಡಲ ನೀರಿನ ಅಕ್ವೇರಿಯಂನ ಮುಂದೆ ಒಂದು ಮಧ್ಯಾಹ್ನ ಕುಳಿತಿದ್ದಾಗ, ನನಗೆ ನನ್ನ ನೆನಪಿಗಿಂತ ಬೇರೊಬ್ಬರ ಜೀವನವನ್ನು ಬರೆಯಬೇಕೆನಿಸಿತು. ಆದರೂ ಒಂದು ನೆನಪನ್ನು ಹೇಳದೆ ಮುಂದುವರಿಯುವಂತಿಲ್ಲ.

ನಾನು ಸೇವೆಗೆ ಸೇರಿದ ಎರಡನೆಯ ವರ್ಷ ಮಕ್ಕಳನ್ನು ಬೇಕಲದ ಕಡಲ ತೀರಕ್ಕೆ ಕರೆದೊಯ್ದಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ಬಂಡೆಯ ಸಂದಿನಿಂದ ಸೀ ಅನೆಮೊನ್ ಎಂಬ ಹೂವಿನಂತಹ ಪ್ರಾಣಿಯನ್ನು ಜೋಪಾನವಾಗಿ ಬಿಡಿಸಿ ತಂದ. ಕಡಲ ನೀರು ತುಂಬಿದ ಗಾಜಿನ ಭರಣಿಯಲ್ಲಿ ಅದನ್ನಿಟ್ಟೆವು. ಮೂರನೆಯ ದಿನ ಕೋಣೆಗೆ ಕಾಲಿಡಲಾಗದಷ್ಟು ದುರ್ವಾಸನೆ. ಅದರ ಆಯುಸ್ಸು ಅಷ್ಟೇ ಎಂದು ಹುಡುಗನಿಗೆ ಹೇಳಿ ನಾನು ಪಾಠ ಮುಂದುವರಿಸಿದೆ. ಸ್ಕಾಟ್ಲೆಂಡಿನಲ್ಲಿ 1828ರಲ್ಲಿ ಹಿಡಿದ ಅದೇ ಬಗೆಯ ಪ್ರಾಣಿಯೊಂದು, ನೀರನ್ನು ತಪ್ಪದೆ ಬದಲಾಯಿಸುತ್ತಿದ್ದುದರಿಂದ, 1887ರವರೆಗೆ ಜಾಡಿಯಲ್ಲಿ ಬದುಕಿತ್ತೆಂದು ಓದಿದ್ದು ಬಹುಕಾಲದ ಮೇಲೆ. ನಮ್ಮ ಭರಣಿಯಲ್ಲಿ ಆಯುಸ್ಸು ಮುಗಿದಿರಲಿಲ್ಲ, ನೀರು ನಿಂತಿತ್ತು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಸಂಚಿಕೆ ಅವನ ಕೈಸೇರಿದರೆ ಇದನ್ನು ಓದಲಿ.

ಕಡಲ ಜೀವಿಗಳನ್ನು ಗಾಜಿನ ಗೋಡೆಯೊಳಗೆ ಬದುಕಿಸುವ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದವರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. 1810ರ ಏಪ್ರಿಲ್ 6ರಂದು ವೂಸ್ಟರ್ ನಗರದಲ್ಲಿ ಅವರ ಜನನ. ಬಾಲ್ಯವನ್ನು ಕಳೆದದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಊರೂರು ಅಲೆದು ಕಿರುಚಿತ್ರಗಳನ್ನು ಬರೆದು ಜೀವನ ಸಾಗಿಸುತ್ತಿದ್ದ ಕಲಾವಿದ. ಬಡತನದ ಮನೆ. ಕುಂಚದ ಸೂಕ್ಷ್ಮತೆಯೊಂದೇ ತಂದೆಯಿಂದ ಬಂದ ಆಸ್ತಿ.

ಹದಿನೇಳನೆಯ ವಯಸ್ಸಿನಲ್ಲಿ ಗಾಸ್ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ವ್ಯಾಪಾರಿ ಮಳಿಗೆಯೊಂದರಲ್ಲಿ ಗುಮಾಸ್ತರಾದರು. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಗ್ರಂಥವೊಂದನ್ನು ಕೊಂಡದ್ದು ಅವರ ಬದುಕನ್ನೇ ತಿರುಗಿಸಿತು. ಮುಂದೆ ಕೆನಡಾದಲ್ಲಿ ಬೇಸಾಯ ಮಾಡಿ ಸೋತರು. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ತೋಟದ ಮಾಲಿಕರ ಮಕ್ಕಳಿಗೆ ಮೇಷ್ಟರಾದರು. ಅಲ್ಲಿ ಗುಲಾಮರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು ನೊಂದು ಒಂದು ವರ್ಷವೂ ತುಂಬುವ ಮುನ್ನ ಹೊರಟುಬಂದರು. ಲಂಡನ್ನಿನ ಹೊರವಲಯದಲ್ಲಿ ಸ್ವಂತ ಶಾಲೆಯೊಂದನ್ನು ನಡೆಸಿದರು. ನಮ್ಮ ವೃತ್ತಿಬಾಂಧವರೆಂಬ ಅಭಿಮಾನ ನನಗಿದೆ. 1844ರಿಂದ ಸುಮಾರು ಹದಿನೆಂಟು ತಿಂಗಳು ಜಮೈಕಾದಲ್ಲಿದ್ದು ಅಲ್ಲಿನ ಪಕ್ಷಿಗಳನ್ನು ಕುರಿತು ಗ್ರಂಥ ರಚಿಸಿದರು. 1848ರಲ್ಲಿ ಎಮಿಲಿ ಬೋಸ್ ಅವರೊಡನೆ ವಿವಾಹವಾಯಿತು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟು 1852ರಲ್ಲಿ ಗಾಸ್ ಸಂಸಾರ ಸಮೇತ ಡೆವನ್ ಪ್ರಾಂತದ ಕಡಲ ತೀರಕ್ಕೆ ಹೋದುದೇ ಅವರ ಜೀವನದ ತಿರುವು. ಸುತ್ತಿಗೆ, ಉಳಿ, ಜಾಡಿಗಳನ್ನು ಹಿಡಿದು ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ಹೊಂಡಗಳಿಗೆ ಇಳಿಯುತ್ತಿದ್ದರು. ಅಲ್ಲಿನ ಜೀವಿಗಳನ್ನು ಕೊಲ್ಲದೆ ಕಣ್ಣೆದುರಿಗೇ ಇಟ್ಟು ನೋಡಬೇಕೆಂಬುದು ಅವರ ಹಂಬಲ. ಗಿಡ ಬೆಳಕಿನಲ್ಲಿ ಆಮ್ಲಜನಕವನ್ನು ಕೊಡುತ್ತದೆ, ಪ್ರಾಣಿ ಅದನ್ನು ಉಸಿರಾಡುತ್ತದೆ. ಆದುದರಿಂದ ಕಡಲ ಪಾಚಿಯನ್ನೂ ಪ್ರಾಣಿಗಳನ್ನೂ ಹದವಾಗಿ ಕೂಡಿಸಿದರೆ ನೀರು ಕೆಡದೆಂಬ ತತ್ತ್ವವನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಅವರೂ ಆ ಕಾಲದಲ್ಲಿಯೇ ತೋರಿಸಿದ್ದರು. 1853ರ ಮೇ ತಿಂಗಳಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದಾಗ ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಪ್ರಮುಖರು. 1854ರಲ್ಲಿ ಪ್ರಕಟವಾದ ಅವರ ಗ್ರಂಥದಿಂದಲೇ ಅಕ್ವೇರಿಯಂ ಎಂಬ ಹೆಸರು ಜನಜನಿತವಾಯಿತು. ಕಡಲಿನಿಂದ ದೂರವಿದ್ದವರಿಗಾಗಿ ಅಡಿಗೆಯ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳನ್ನು ಸಿಹಿನೀರಿಗೆ ಬೆರೆಸಿ ಕೃತಕ ಕಡಲ ನೀರನ್ನು ತಯಾರಿಸುವ ವಿಧಾನವನ್ನೂ ಅವರು ತಿಳಿಸಿಕೊಟ್ಟರು.

ಗಾಸ್ ಕಡಲ ನೀರನ್ನು ತಂದರು, ಕಡಲ ಗಿಡವನ್ನು ತಂದರು. ಕಡಲ ಚಲನೆಯನ್ನು ತರುವುದು ಆ ಕಾಲದಲ್ಲಿ ಸುಲಭವಿರಲಿಲ್ಲ. ಅವರಿಗೂ ಮೊದಲೇ, 1846ರಿಂದ, ಆನಾ ಥಿನ್ ಎಂಬ ಮಹಿಳೆ ಟಾರ್ಕಿ ತೀರದ ಹವಳದ ಜೀವಿಗಳನ್ನು ಲಂಡನ್ನಿಗೆ ಒಯ್ದು ಸಾಕಿದ್ದರು. ಅವರ ಪಂಪು ಯಾವುದೆಂದರೆ ಮನೆಗೆಲಸದ ಹುಡುಗಿ. ಆಕೆ ದಿನವೂ ತೆರೆದ ಕಿಟಕಿಯ ಬಳಿ ನಿಂತು ಅರ್ಧ ಗಂಟೆಗೂ ಮಿಕ್ಕಿ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಾವು ಬಿಸಿ ಚಹಾವನ್ನು ಆರಿಸುವಂತೆ, ಎತ್ತಿ ಹೊಯ್ಯುತ್ತಿದ್ದಳು. ಗಾಳಿ ಬೆರೆತು ನೀರು ಜೀವಂತವಾಗುತ್ತಿತ್ತು. ಆಕೆಯ ಹೆಸರನ್ನು ಚರಿತ್ರೆ ಬರೆದಿಟ್ಟಿಲ್ಲ. ಮುಂದೆ ಅಕ್ವೇರಿಯಂ ವ್ಯಾಪಾರಿಯಾಗಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್ ಈ ಕೆಲಸವನ್ನು ಯಂತ್ರಕ್ಕೊಪ್ಪಿಸಿದರು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವರು ರೂಪಿಸಿದ ಅಕ್ವೇರಿಯಂನ ಅಡಿಯಲ್ಲಿ ಕತ್ತಲ ಜಲಾಶಯವಿತ್ತು. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ನೀರು ಅದರಲ್ಲಿ. ಉಗಿಯಂತ್ರದ ಪಂಪುಗಳು ಹಗಲಿರುಳು ಆ ನೀರನ್ನು ಮೇಲೆತ್ತಿ ಹರಿಸುತ್ತಿದ್ದವು.

ಇಷ್ಟು ಹೊತ್ತಿಗೆ ಗಾಸ್ ಅವರ ಜೀವನದಲ್ಲಿ ದೊಡ್ಡ ಬಿರುಗಾಳಿ ಬೀಸಿ ಹೋಗಿತ್ತು. 1857ರ ಫೆಬ್ರವರಿಯಲ್ಲಿ ಎಮಿಲಿ ಕ್ಯಾನ್ಸರ್ ರೋಗಕ್ಕೆ ಬಲಿಯಾದರು. ಮಗನಿಗಿನ್ನೂ ಏಳು ವರ್ಷ. ಅದೇ ವರ್ಷ ಗಾಸ್ ಓಂಫಲೋಸ್ ಎಂಬ ಗ್ರಂಥವನ್ನು ಪ್ರಕಟಿಸಿದರು. ಗ್ರೀಕ್ ಭಾಷೆಯಲ್ಲಿ ಹೊಕ್ಕುಳು ಎಂದರ್ಥ. ತಾಯಿಯಿಂದ ಹುಟ್ಟದ ಆದಿಮಾನವನಿಗೂ ಹೊಕ್ಕುಳಿದ್ದಿರಬೇಕು, ಹಾಗೆಯೇ ದೇವರು ಭೂಮಿಯನ್ನು ಬಹು ಪ್ರಾಚೀನವೆಂದು ತೋರುವ ಕುರುಹುಗಳೊಡನೆಯೇ ಸೃಷ್ಟಿಸಿದನೆಂಬುದು ಅವರ ವಾದ. ವಿಜ್ಞಾನಿಗಳೂ ಒಪ್ಪಲಿಲ್ಲ, ಆಸ್ತಿಕರೂ ಒಪ್ಪಲಿಲ್ಲ. ಆಪ್ತ ಮಿತ್ರ ಚಾರ್ಲ್ಸ್ ಕಿಂಗ್ಸ್‌ಲಿ ಕೂಡ ಕೈಬಿಟ್ಟರು. ವಾದ ದುರ್ಬಲವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಂಡದ್ದನ್ನು ಮರೆಮಾಚದೆ, ನಂಬಿದ್ದನ್ನೂ ಬಿಡಲಾರದೆ ಒದ್ದಾಡಿದ ಆ ಮನುಷ್ಯನನ್ನು ಕಂಡು ನಗಲು ನನಗೆ ಮನಸ್ಸಾಗದು. ಅವರು ಡೆವನ್ನಿನ ಸೇಂಟ್ ಮೇರಿಚರ್ಚ್ ಗ್ರಾಮದಲ್ಲಿ ನೆಲೆಸಿ, 1858ರಿಂದ 1860ರೊಳಗೆ ಬ್ರಿಟನ್ನಿನ ಸೀ ಅನೆಮೊನ್ ಹಾಗೂ ಹವಳಗಳ ಮೇಲಿನ ಮೇರುಕೃತಿಯನ್ನು ತಮ್ಮದೇ ವರ್ಣಚಿತ್ರಗಳೊಡನೆ ಪೂರೈಸಿದರು.

ಇನ್ನೊಂದು ದುಃಖ ಅವರ ಯಶಸ್ಸಿನಿಂದಲೇ ಬಂತು. ಅವರ ಪುಸ್ತಕಗಳನ್ನು ಓದಿದ ಜನ ರೈಲು ಹತ್ತಿ ಕಡಲ ತೀರಕ್ಕೆ ನುಗ್ಗಿದರು. ಪ್ರತಿ ಶ್ರೀಮಂತರ ಮನೆಗೂ ಒಂದು ಅಕ್ವೇರಿಯಂ ಬೇಕಾಯಿತು. ಸಾವಿರಾರು ವರ್ಷಗಳಿಂದ ಯಾರೂ ಕೈಯಿಡದಿದ್ದ ಹೊಂಡಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಹಿಡಿದೊಯ್ದವುಗಳಲ್ಲಿ ಎಷ್ಟೋ ಜೀವಿಗಳು ನಮ್ಮ ಭರಣಿಯ ಪ್ರಾಣಿಯಂತೆಯೇ ಸತ್ತಿರಬೇಕು. ತಂದೆಯ ಕೈಹಿಡಿದು ಆ ಹೊಂಡಗಳನ್ನು ಕಂಡಿದ್ದ ಎಡ್ಮಂಡ್, 1907ರಲ್ಲಿ ಬರೆದ ಆತ್ಮಕಥನದಲ್ಲಿ ಇದು ತಂದೆಗೆ ತಂದ ಸಂಕಟವನ್ನು ದಾಖಲಿಸಿದ್ದಾರೆ. ನಮ್ಮ ಸರೋಜಿನಿ ನಾಯ್ಡು ಅವರಿಗೆ, ಇಂಗ್ಲೆಂಡಿನ ಹಕ್ಕಿಗಳನ್ನು ಬಿಟ್ಟು ಭಾರತದ ಬದುಕನ್ನು ಕುರಿತು ಕವಿತೆ ಬರೆಯುವಂತೆ ಸಲಹೆ ಮಾಡಿದ ವಿಮರ್ಶಕ ಇದೇ ಎಡ್ಮಂಡ್ ಗಾಸ್. ತಂದೆ 1888ರ ಆಗಸ್ಟ್ 23ರಂದು ತೀರಿಕೊಂಡರು.

ಇನ್ನು ನಮ್ಮ ತೊಟ್ಟಿಯ ವಿಷಯ. ಅದರ ಎದುರುಬದುರು ಗೋಡೆಗಳಲ್ಲಿ ಮುಷ್ಟಿಗಾತ್ರದ ಎರಡು ಪಂಪುಗಳಿವೆ. ಹೊರಗೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ನಿಯಂತ್ರಕ. ಪಂಪಿನೊಳಗೆ ಅಯಸ್ಕಾಂತದ ತಿರುಗಣೆ, ಅದರ ಸುತ್ತ ತಂತಿಯ ಸುರುಳಿಗಳು. ನಿಯಂತ್ರಕವು ವಿದ್ಯುತ್ತನ್ನು ಒಂದು ಸುರುಳಿಯಿಂದ ಮತ್ತೊಂದಕ್ಕೆ ಎಷ್ಟು ಬೇಗ ಬದಲಾಯಿಸುತ್ತದೆಯೋ ಅಷ್ಟು ಬೇಗ ತಿರುಗಣೆ ಸುತ್ತುತ್ತದೆ. ಹೀಗೆ ವೇಗವನ್ನು ಏರಿಸಬಹುದು, ಇಳಿಸಬಹುದು. ಒಂದು ಪಂಪು ಓಡುವಾಗ ಇನ್ನೊಂದನ್ನು ನಿಲ್ಲಿಸಿ ಪ್ರವಾಹದ ದಿಕ್ಕನ್ನು ತಿರುಗಿಸಬಹುದು, ಕೆಲವು ಸೆಕೆಂಡುಗಳಿಗೊಮ್ಮೆ ತಳ್ಳಿ ಬಿಟ್ಟು ಅಲೆಯೆಬ್ಬಿಸಬಹುದು, ಆಹಾರ ಹಾಕುವಾಗ ತುಸು ಹೊತ್ತು ನಿಲ್ಲಿಸಬಹುದು, ರಾತ್ರಿ ಮೆಲ್ಲಗಾಗಿಸಬಹುದು.

ಒಂದೇ ವೇಗದಲ್ಲಿ ಒಂದೇ ಕಡೆಗೆ ಹರಿಸಿದರೆ ಸಾಲದೇ ಎಂದು ನಾನು ಕೇಳಿದ್ದೆ. ಸಾಲದು. ಬಂಡೆಗಂಟಿ ಬದುಕುವ ಜೀವಿಯ ಮೈಸುತ್ತ ಚಲಿಸದ ನೀರಿನ ತೆಳುಪದರವೊಂದಿರುತ್ತದೆ. ಅದು ದಪ್ಪವಾದಷ್ಟೂ ಆಮ್ಲಜನಕ ಒಳಬರುವುದು, ಕಶ್ಮಲ ಹೊರಹೋಗುವುದು ನಿಧಾನವಾಗುತ್ತದೆ. ಪ್ರವಾಹ ಅದನ್ನು ತೆಳುವಾಗಿಸುತ್ತದೆ. ಆದರೆ ಒಂದೇ ದಿಕ್ಕಿನ ಹೊಡೆತದಿಂದ ಎದುರಿನ ಮೈ ಸವೆದು, ಹಿಂದಿನ ಮರೆಯಲ್ಲಿ ಕಸ ಕೂಡುತ್ತದೆ. ಚಂದ್ರಗಿರಿ ಹೊಳೆಯ ಅಳಿವೆಯನ್ನು ಕಂಡ ನಮ್ಮ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ನೀರು ಒಮ್ಮೆ ಒಳಗೆ, ಒಮ್ಮೆ ಹೊರಗೆ.

ತೊಟ್ಟಿಯಲ್ಲಿ ಈಗ ಕೆಲವು ಮೀನುಗಳೂ ಬಸವನ ಹುಳುಗಳೂ ಇವೆ. ಹವಳವಿಲ್ಲ. ಅದನ್ನು ಕಡಲಿನಿಂದ ತೆಗೆಯುವುದು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಡೆವನ್ನಿನ ತೀರಕ್ಕೆ ಅಂಥದೊಂದು ಕಾಯ್ದೆ ಆಗ ಇದ್ದಿದ್ದರೆ ಗಾಸ್ ಅವರು ಸಂತೋಷಪಡುತ್ತಿದ್ದರೇನೋ. ಉಬ್ಬರವಿಳಿತದ ವೇಳೆಗೆ ಸರಿಯಾಗಿ ಪ್ರವಾಹದ ದಿಕ್ಕು ಬದಲಾಗಬೇಕೆಂದು ವಿಜ್ಞಾನದ ಅಧ್ಯಾಪಕರಿಗೆ ನಾನೊಂದು ಸೂಚನೆ ಕೊಟ್ಟಿದ್ದೆ. ತೊಡಕೇನೆಂದರೆ, ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿಯಂತ್ರಕದ ಗಡಿಯಾರಕ್ಕೆ 24 ಗಂಟೆಯ ದಿನವೊಂದೇ ಗೊತ್ತು. ಒಂಬತ್ತನೆಯ ತರಗತಿಯ ಮಕ್ಕಳು ಸರದಿಯಂತೆ ದಿನವೂ ವೇಳೆಯನ್ನು ಮುಂದೂಡುತ್ತಿದ್ದಾರೆ. ಭಾನುವಾರ ಯಾರು ಮಾಡುತ್ತಾರೆಂದು ವಿಚಾರಿಸಬೇಕಾಗಿದೆ.